ಕೀಲಿಕೈ ತಿಜೋರಿಯೊಳಗೇ ಇತ್ತು: ಕ್ಯೂಬ್ಸ್ ಬ್ಯಾಕಪ್ ಮಾಡಿದ ಕಥೆ

ಮೇ ತಿಂಗಳು. ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟಿತ್ತು. ಮಧ್ಯಾಹ್ನ ಕರೆಂಟ್ ಹೋಯಿತು, ಕೂಲರ್ ನಿಂತಿತು. ಅದರ ಹಿಂದೆಯೇ ನನ್ನ ಲ್ಯಾಪ್‌ಟಾಪೂ ಗಕ್ಕನೆ ನಿಂತಿತು. ಬ್ಯಾಟರಿ ತುಂಬಿತ್ತು, ಹಾಗಾಗಿ ಕರೆಂಟಿನ ಮೇಲೆ ತಪ್ಪು ಹಾಕುವ ಹಾಗಿರಲಿಲ್ಲ. ಮತ್ತೆ ಆನ್ ಮಾಡಿದರೆ ಎಸ್‌ಎಸ್‌ಡಿ (ಎಲ್ಲ ಫೈಲು ಇರುವ ಒಳಗಿನ ಡಿಸ್ಕ್) ಕಾಣಿಸಲೇ ಇಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲಕ್ಕೆ ಕಾಣಿಸಿತು. ಬೆವರು ಒರೆಸಿಕೊಂಡೆ. ಅದು ಬಿಸಿಲಿನ ಬೆವರಲ್ಲ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಷ್ಟೆಲ್ಲ ಒದ್ದಾಟ ಯಾಕೆ ಅನಿಸಬಹುದು. ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗಿನ ಹೊಲದ ಕಾಗದಪತ್ರ ಬಹಳಷ್ಟು ಉರ್ದುವಿನಲ್ಲಿವೆ. ಅಣ್ಣತಮ್ಮಂದಿರ ತಕರಾರು ಕೋರ್ಟು ಹತ್ತಿದಾಗ ಆ ಕಾಗದಗಳು ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ಓದುವವರು ಮಾತ್ರ ಸಿಗುವುದಿಲ್ಲ. ನಮ್ಮ ಕಾಕಾ ಉರ್ದು ಮೀಡಿಯಂನಲ್ಲಿ ಓದಿದವರು. ಅವರು ಓದಿ ಹೇಳುತ್ತಾರೆ, ನಾನು ಸ್ಕ್ಯಾನ್ ಮಾಡಿ ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಹೀಗಾಗಿ ಯಾರದೋ ಖರೀದಿ ಪತ್ರ, ಯಾರದೋ ಆಧಾರ್, ಯಾರದೋ ಮನೆಯ ಜಗಳ, ಎಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಇರುತ್ತದೆ. ಅದೂ ಎಲ್ಲೆಲ್ಲಿಂದಲೋ ಬಂದದ್ದು: ವಾಟ್ಸಾಪಿನಲ್ಲಿ ಬಂದ ಪಿಡಿಎಫ್, ಹತ್ತು ಝೆರಾಕ್ಸ್ ಅಂಗಡಿ ಸುತ್ತಿದ ಪೆನ್‌ಡ್ರೈವ್.

ಇದಕ್ಕೇ ನಾನು ಕ್ಯೂಬ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದು. ಪೋಲೆಂಡಿನ ಜೊವಾನಾ ರುಟ್ಕೋವ್ಸ್ಕಾ ಮತ್ತು ಜೊತೆಯವರು 2010ರಲ್ಲಿ ಹೊರಗೆ ತಂದ ಯೋಜನೆ, 2012ರಲ್ಲಿ ಮೊದಲ ಪೂರ್ಣ ಆವೃತ್ತಿ. ಝೆನ್ ಎಂಬ ಹೈಪರ್‌ವೈಸರ್ (ಒಂದೇ ಕಂಪ್ಯೂಟರನ್ನು ಹಲವು ಬೇರೆ ಬೇರೆ ಕಂಪ್ಯೂಟರುಗಳ ಹಾಗೆ ನಡೆಸುವ ತಂತ್ರಾಂಶ) ಮೇಲೆ ಹಲವು ವರ್ಚುವಲ್ ಮಷಿನ್‌ಗಳು ಓಡುತ್ತವೆ, ಅವಕ್ಕೆ ಕ್ಯೂಬ್ ಅನ್ನುತ್ತಾರೆ. ಕಾಕಾಗೆ ತಿಳಿಸಿ ಹೇಳುವಾಗ ನಾನು ಹಳೇ ಕಚೇರಿಯ ಬಸ್ತಾ ನೆನಪಿಸಿದೆ. ಒಂದೊಂದು ಕಡತಕ್ಕೆ ಒಂದೊಂದು ಬಟ್ಟೆಯ ಗಂಟು. ಒಂದು ಬಸ್ತಾಕ್ಕೆ ಗೆದ್ದಲು ಹತ್ತಿದರೆ ಪಕ್ಕದ್ದಕ್ಕೆ ಹರಡಬಾರದು, ಅಷ್ಟೇ ಲೆಕ್ಕ. ಅವತ್ತಿನಿಂದ ಅವರು ಕ್ಯೂಬ್ ಅನ್ನುವುದಿಲ್ಲ, ಬಸ್ತಾ ಅನ್ನುತ್ತಾರೆ.

ನನ್ನ ಬಳಿ ಇರುವ ಬಸ್ತಾಗಳು ಇವು. ಸ್ಕ್ಯಾನ್ ಮತ್ತು ಅನುವಾದ ಎಲ್ಲ ಇರುವ ‘ದಾಖಲೆ’, ಸುಮಾರು 61 ಜಿಬಿ. ಅದಕ್ಕೆ ಇಂಟರ್‌ನೆಟ್ ಇಲ್ಲ. ಬ್ಯಾಂಕಿನ ಕೆಲಸಕ್ಕೆ ಒಂದು. ಪಾಸ್‌ವರ್ಡ್ ಇಡುವ ‘ವಾಲ್ಟ್’, ಅದಕ್ಕೂ ಇಂಟರ್‌ನೆಟ್ ಇಲ್ಲ. ಸುಮ್ನೆ ಬ್ರೌಸ್ ಮಾಡಲು ‘ಹೊರಗೆ’. ಯಾರಾದರೂ ಪಿಡಿಎಫ್ ಕಳಿಸಿದರೆ ಡಿಸ್ಪೋಸಬಲ್ ಕ್ಯೂಬಿನಲ್ಲಿ ತೆರೆಯುತ್ತೇನೆ, ಮುಚ್ಚಿದ ಕೂಡಲೇ ಅದು ಮಾಯ.

ಇಷ್ಟೆಲ್ಲ ಕಟ್ಟೆಚ್ಚರ ಮಾಡಿದವನು ಬ್ಯಾಕಪ್ ಎಷ್ಟು ಸಲ ಮಾಡಿದ್ದೆ? ಒಂದು ಸಲವೂ ಇಲ್ಲ.

ಶನಿವಾರ, ಟಿವಿಯ ಹಾರ್ಡ್ ಡಿಸ್ಕ್

ಕ್ಯೂಬ್ಸ್‌ನಲ್ಲಿ ಬ್ಯಾಕಪ್ ಹೇಗೆ ನಡೆಯುತ್ತದೆ ಅನ್ನುವುದು ತಿಳಿದುಕೊಳ್ಳುವಂಥದ್ದು. ಎಲ್ಲ ಕ್ಯೂಬ್‌ಗಳಿಗೂ ಯಜಮಾನ ಡಾಮ್‌ಝೀರೊ ಎಂಬ ಕ್ಯೂಬ್. ಅದಕ್ಕೆ ನೆಟ್‌ವರ್ಕ್ ಇಲ್ಲ. ಯುಎಸ್‌ಬಿ ಪೋರ್ಟುಗಳನ್ನು ಸಿಸ್-ಯುಎಸ್‌ಬಿ ಎಂಬ ಬೇರೆ ಕ್ಯೂಬಿಗೆ ಬಿಟ್ಟುಕೊಟ್ಟಿರುತ್ತದೆ. ಬ್ಯಾಕಪ್ ಮಾಡುವಾಗ ಡಾಮ್‌ಝೀರೊ ತನ್ನೊಳಗೇ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ, ಆಮೇಲೆ ಸಿಸ್-ಯುಎಸ್‌ಬಿ ಕೈಗೆ ಕೊಡುತ್ತದೆ. ಮೊಹರು ಹಾಕಿದ ಲಕೋಟೆ ಒಯ್ಯುವ ಜವಾನನ ಹಾಗೆ ಅದು. ಒಳಗೆ ಏನಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆ ಕ್ಯೂಬಿಗೆ ವೈರಸ್ ಹತ್ತಿದ್ದರೂ ಲಕೋಟೆ ಹರಿದು ಹಾಕಬಹುದು, ಓದಲಿಕ್ಕೆ ಆಗುವುದಿಲ್ಲ.

ಮನೆಯಲ್ಲಿ 500 ಜಿಬಿಯ ಹಾರ್ಡ್ ಡಿಸ್ಕ್ ಒಂದಿತ್ತು. ಮಗಳ ಕಾರ್ಟೂನ್‌ಗಳು ಅದರಲ್ಲಿದ್ದವು. ಅವಳನ್ನು ಒಪ್ಪಿಸಿ ತೆಗೆದುಕೊಂಡೆ. ಬ್ಯಾಕಪ್ ಕಿಟಕಿ ತೆರೆದು ಬೇಕಾದ ಕ್ಯೂಬ್‌ಗಳನ್ನು ಬಲಕ್ಕೆ ಸರಿಸಿದೆ, ‘ಹೊರಗೆ’ಯನ್ನು ಬಿಟ್ಟೆ. ಪಾಸ್‌ಫ್ರೇಸ್ (ಹಲವು ಪದಗಳ ಉದ್ದನೆಯ ಪಾಸ್‌ವರ್ಡ್) ಎರಡು ಸಲ ಟೈಪ್ ಮಾಡಿದೆ. ಲ್ಯಾಪ್‌ಟಾಪ್, ಡಿಸ್ಕ್ ಎರಡನ್ನೂ ನೆಲದ ಮೇಲೆ ಇಟ್ಟೆ. ನಮ್ಮ ಮನೆಯದು ಶಹಾಬಾದ್ ಫರ್ಸಿ, ಮೇ ತಿಂಗಳಲ್ಲೂ ಒಂದಿಷ್ಟು ತಂಪು ಇರುತ್ತದೆ. ಲ್ಯಾಪ್‌ಟಾಪ್ ಕೂಲರ್ ಕೊಳ್ಳುವ ಖರ್ಚು ಉಳಿಯಿತು.

ಐದಾರು ನಿಮಿಷದಲ್ಲಿ ಬ್ಯಾಕಪ್ ನಿಂತುಬಿಟ್ಟಿತು. ಡಾಮ್‌ಝೀರೊ ಕೊಟ್ಟ ದೋಷದ ಸಾಲಿನಿಂದ ಏನೂ ತಿಳಿಯಲಿಲ್ಲ. ಮತ್ತೆ ಮಾಡಿದೆ, ಅದೇ ಜಾಗಕ್ಕೆ ಬಂದು ನಿಂತಿತು. ಎಸ್‌ಎಸ್‌ಡಿಯೇ ಹೋಯಿತು ಅಂದುಕೊಂಡು ಎದೆ ಹೊಡೆದುಕೊಂಡಿತು. ಚಹಾ ಕುಡಿದು ಬಂದು, ಸಿಸ್-ಯುಎಸ್‌ಬಿಯೊಳಗೆ ಹೋಗಿ ಅರ್ಧಕ್ಕೆ ನಿಂತ ಫೈಲಿನ ಗಾತ್ರ ನೋಡಿದೆ. 4,29,49,67,295 ಬೈಟ್.

ಈ ಅಂಕಿ ಎಲ್ಲೋ ನೋಡಿದ್ದೇನಲ್ಲ! ಎರಡರ 32ನೇ ಘಾತದಲ್ಲಿ ಒಂದು ಕಡಿಮೆ. ಫ್ಯಾಟ್32 ಎಂಬುದು ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಹಳೇ ಪದ್ಧತಿ, ಅದರಲ್ಲಿ ಒಂದು ಫೈಲ್ ಅದಕ್ಕಿಂತ ದೊಡ್ಡದಾಗಲಾರದು. ಹಳೇ ಟಿವಿ ಬೇರೆ ಯಾವುದನ್ನೂ ಓದುವುದಿಲ್ಲ ಅಂತ ನಾನೇ ಎರಡು ವರ್ಷದ ಹಿಂದೆ ಆ ಡಿಸ್ಕನ್ನು ಫ್ಯಾಟ್32 ಮಾಡಿದ್ದೆ. ಕ್ಯೂಬ್ಸ್ ಬ್ಯಾಕಪ್ ಎಲ್ಲವನ್ನೂ ಒಂದೇ ದೊಡ್ಡ ಟಾರ್ ಫೈಲಾಗಿ (ಹಲವು ಫೈಲು ಒಟ್ಟಿಗೆ ಕಟ್ಟಿದ ಗಂಟು) ಬರೆಯುತ್ತದೆ. ಹಾಗಾಗಿ 4 ಜಿಬಿಗೆ ಬಂದು ತಲೆ ಹೊಡೆದುಕೊಳ್ಳುತ್ತಿತ್ತು. ಎಸ್‌ಎಸ್‌ಡಿಯ ತಪ್ಪು ಏನೂ ಇರಲಿಲ್ಲ, ಪಾಪ.

ಡಿಸ್ಕನ್ನು ಲಿನಕ್ಸಿನ ಪದ್ಧತಿಯಾದ ಇಎಕ್ಸ್‌ಟಿ4 ಮಾಡಿದೆ. ಕಾರ್ಟೂನ್ ಹೋದವು, ಅದರ ಲೆಕ್ಕ ಬೇರೆ ಚುಕ್ತಾ ಮಾಡಬೇಕಾಯಿತು. ಆದರೂ ಬರೆಯಲು ಅನುಮತಿ ಇಲ್ಲ ಅಂದಿತು. ಇಎಕ್ಸ್‌ಟಿ4ನಲ್ಲಿ ಹೊಸ ಡಿಸ್ಕಿನ ಒಡೆಯ ರೂಟ್, ಅಂದರೆ ಸಿಸ್ಟಮ್ಮಿನ ಯಜಮಾನ ಖಾತೆ, ಆಗಿರುತ್ತಾನೆ, ಸಾಮಾನ್ಯ ಬಳಕೆದಾರನಲ್ಲ. ಸಿಸ್-ಯುಎಸ್‌ಬಿ ಟರ್ಮಿನಲ್‌ನಲ್ಲಿ ಚೌನ್ ಕಮಾಂಡ್ ಕೊಟ್ಟು ಒಡೆತನ ಬದಲಿಸಿದ ಮೇಲೆ ದಾರಿಗೆ ಬಂತು.

ಕಂಪ್ರೆಸ್ ಮಾಡು ಅನ್ನುವ ಟಿಕ್ ತೆಗೆದೆ. ಸ್ಕ್ಯಾನ್ ಎಲ್ಲ ಜೆಪೆಗ್, ಅವನ್ನು ಮತ್ತೆ ಹಿಂಡಿದರೆ ಏನೂ ಇಳಿಯುವುದಿಲ್ಲ, ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ. ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳಲಾ ಅಂತಲೂ ಒಂದು ಟಿಕ್ ಇದೆ. ಅದನ್ನು ಹಾಕುವ ಮುಂಚೆ ಕೆಳಗಿನ ಸಾಲು ಓದಿ. ಪಾಸ್‌ಫ್ರೇಸ್ ಡಾಮ್‌ಝೀರೊದಲ್ಲಿ ಹಾಗೇ ಬಿಚ್ಚಕ್ಷರದಲ್ಲಿ ಉಳಿಯುತ್ತದೆ. ನಾನು ಹಾಕಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ನಡುವೆ ಕರೆಂಟ್ ಒಂದು ಸಲ ಹೋಗಿ ಬಂತು, ಲ್ಯಾಪ್‌ಟಾಪ್ ಬ್ಯಾಟರಿ ಕೈಬಿಡಲಿಲ್ಲ. ಆಮೇಲೆ ರಿಸ್ಟೋರ್ ಕಿಟಕಿಯಲ್ಲಿ ‘ಪರಿಶೀಲನೆ ಮಾತ್ರ’ ಎಂಬುದನ್ನು ಆರಿಸಿ ಓಡಿಸಿದೆ. ಇದು ಏನನ್ನೂ ವಾಪಸ್ ಹಾಕುವುದಿಲ್ಲ, ಮೊದಲಿನಿಂದ ಕೊನೆಯವರೆಗೆ ಓದಿ ಎಲ್ಲ ಸರಿಯಿದೆಯಾ ನೋಡುತ್ತದೆ. ಎಲ್ಲ ಸರಿಯಿತ್ತು. ಗೆದ್ದೆ ಅಂತ ಮೀಸೆ ತಿರುವಿಕೊಂಡು ಮಲಗಿದೆ.

ಭಾನುವಾರ, ಹೊಸ ಎಸ್‌ಎಸ್‌ಡಿ

ಸೂಪರ್ ಮಾರ್ಕೆಟ್ ಕಡೆ ಹೋಗಿ 512 ಜಿಬಿಯ ಎಸ್‌ಎಸ್‌ಡಿ ತಂದೆ. ಹಳೇ ಥಿಂಕ್‌ಪ್ಯಾಡ್‌ನ ಒಂದು ಸುಖ ಇದು: ಒಂದು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತದೆ. ಹಳೆಯದನ್ನು ತೆಗೆದು ಡಬ್ಬಿಗೆ ಹಾಕಿ, ಹೊಸದರ ಮೇಲೆ ಕ್ಯೂಬ್ಸ್ 4.2 ಹಾಕಿದೆ. ಅದರಲ್ಲಿ ಹೇಳುವಂಥದ್ದು ಏನಿಲ್ಲ. ಇನ್‌ಸ್ಟಾಲ್ ಮಾಡುವ ಐಎಸ್‌ಓ ಫೈಲಿನ ಡಿಜಿಟಲ್ ಸಹಿ ಸರಿಯಿದೆಯಾ ಅಂತ ಜಿಪಿಜಿ ಎಂಬ ತಂತ್ರಾಂಶದಲ್ಲಿ ನೋಡಿಕೊಳ್ಳಿ, ಅದನ್ನು ಮಾತ್ರ ಬಿಡಬೇಡಿ.

ಆಮೇಲೆ ಬ್ಯಾಕಪ್ ಡಿಸ್ಕ್ ಚುಚ್ಚಿ ರಿಸ್ಟೋರ್ ಒತ್ತಿದೆ. ಪಾಸ್‌ಫ್ರೇಸ್ ಕೇಳಿತು.

ಕಾಕಾ ಪಕ್ಕದಲ್ಲೇ ಮಂಚದ ಮೇಲೆ ಕೂತು ಸುಸಲಾ ತಿನ್ನುತ್ತಿದ್ದರು. ನಾನು ಸುಮ್ಮನೆ ಪರದೆ ನೋಡುತ್ತಾ ಕೂತದ್ದು ಕಂಡು, “ಯಾಕ, ಏನಾತು?” ಅಂದರು.

“ಪಾಸ್‌ಫ್ರೇಸ್ ಬೇಕಾಗ್ಯದ ಕಾಕಾ.”

“ಎಲ್ಲಿ ಬರದಿಟ್ಟೀದಿ?”

“ವಾಲ್ಟ್ ಒಳಗ.”

“ವಾಲ್ಟ್ ಎಲ್ಲದ?”

“ಬ್ಯಾಕಪ್ ಒಳಗ.”

ಕಾಕಾ ಚಮಚ ಕೆಳಗಿಟ್ಟರು. “ಅಂದ್ರ ತಿಜೋರಿ ಕೀಲಿಕೈ ತಿಜೋರ್‍ಯಾಗ ಇಟ್ಟು ಕೀಲಿ ಹಾಕೀದಿ.”

ಹೌದು. ಹಾಗೇ ಮಾಡಿದ್ದೆ. ವಾಲ್ಟ್ ಕ್ಯೂಬಿನಲ್ಲಿ ಕೀಪಾಸ್‌ಎಕ್ಸ್‌ಸಿ ಇದೆ, ಎಲ್ಲ ಪಾಸ್‌ವರ್ಡೂ ಅದರಲ್ಲೇ. ಶನಿವಾರ ಪರಿಶೀಲನೆ ಮಾಡುವಾಗ ಅದನ್ನೇ ಪಕ್ಕದಲ್ಲಿ ತೆರೆದಿಟ್ಟುಕೊಂಡು, ನೋಡಿ ನೋಡಿ ಟೈಪ್ ಮಾಡಿದ್ದೆ. ಅದಕ್ಕೇ ಅವತ್ತು ಎಲ್ಲ ಸರಿ ಅಂತ ಬಂದದ್ದು. ಇವತ್ತು ಆ ಪಕ್ಕವೇ ಇಲ್ಲ.

ನೆನಪಿನಿಂದ ಹೊಡೆಯೋಣ ಅಂದುಕೊಂಡೆ. ಲೂಡೋ ದಾಳ ಎಸೆದು ಆರಿಸಿದ ಆರು ಕನ್ನಡ ಪದಗಳು, ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು. ಪದಗಳು ನೆನಪಿದ್ದವು. ಸ್ಪೆಲ್ಲಿಂಗ್ ನೆನಪಿರಲಿಲ್ಲ! ಈಗ ತೊಗರಿ ಅಂತ ಇಟ್ಟುಕೊಳ್ಳಿ (ಅದು ನನ್ನ ಪದವಲ್ಲ, ಊರಿನ ಗೌರವಕ್ಕೆ ಹೇಳುತ್ತಿದ್ದೇನೆ). ಟಿ ಆದ ಮೇಲೆ ಎಚ್ ಹಾಕಿದ್ದೆನಾ? ಗಾಳಿಯ ಕೊನೆಗೆ ಐ ಒಂದಾ, ವೈ ಇತ್ತಾ? ದೀರ್ಘಕ್ಕೆ ಎ ಎರಡು ಸಲವಾ? ಇಂಥ ಪದ ನಾಲ್ಕಿದ್ದರೆ, ಒಂದೊಂದಕ್ಕೆ ಮೂರು ರೂಪ ಅಂದರೂ 81 ಸಲ ಹೊಡೆಯಬೇಕು. ಅದರ ಮೇಲೆ ಇಲ್ಲಿರುವುದು ಎಸ್‌ಕ್ರಿಪ್ಟ್. ಓದುವಾಗ ‘ಸ್ಕ್ರಿಪ್ಟ್’ ಅಂದುಕೊಳ್ಳಬೇಡಿ, ಎಸ್ ಬೇರೆ ಕ್ರಿಪ್ಟ್ ಬೇರೆ. 2009ರಲ್ಲಿ ಕಾಲಿನ್ ಪರ್ಸಿವಲ್ ಮಾಡಿದ್ದು. ಒಂದೊಂದು ಪಾಸ್‌ವರ್ಡ್ ಪರೀಕ್ಷೆಗೂ ಬೇಕೆಂದೇ ಹೊತ್ತು ಮತ್ತು ಮೆಮೊರಿ ಜಾಸ್ತಿ ತಿನ್ನುತ್ತದೆ. ಕಳ್ಳ ಸೆಕೆಂಡಿಗೆ ಕೋಟಿ ಸಲ ಊಹಿಸಬಾರದು ಅಂತ. ಕ್ಯೂಬ್ಸ್‌ನ ಹಳೇ ಬ್ಯಾಕಪ್‌ಗಳಲ್ಲಿ ಪಾಸ್‌ಫ್ರೇಸಿನಿಂದ ಕೀಲಿ ತಯಾರಿಸುವ ಕ್ರಮ ಸಡಿಲವಾಗಿತ್ತು, 2018ರ 4.0 ಆವೃತ್ತಿಯಿಂದ ಎಸ್‌ಕ್ರಿಪ್ಟ್ ಬಂತು. ಒಳ್ಳೆಯದೇ. ಆದರೆ ಅವತ್ತು ಕಳ್ಳನ ಜಾಗದಲ್ಲಿ ನಾನೇ ಕೂತಿದ್ದೆ.

ಹತ್ತೊಂಬತ್ತು ಸಲ ಹೊಡೆದು ಸಾಕಾಯಿತು. ಡಬ್ಬಿಯಿಂದ ಹಳೇ ಎಸ್‌ಎಸ್‌ಡಿ ತೆಗೆದು ಮತ್ತೆ ಜೋಡಿಸಿದೆ. ಕಾಣಿಸಲಿಲ್ಲ. ಆಫ್ ಮಾಡಿದೆ, ಹತ್ತು ನಿಮಿಷ ಫರ್ಸಿಯ ಮೇಲೆ ತಂಪಾಗಲು ಬಿಟ್ಟೆ. ಮತ್ತೆ ಇಲ್ಲ. ಐದನೇ ಸಲಕ್ಕೆ ಕ್ಯೂಬ್ಸ್ ಏಳತೊಡಗಿತು. ವಾಲ್ಟ್ ತೆರೆದು ಆರು ಪದಗಳನ್ನು ನನ್ನ ಡೈರಿಯ ಹಾಳೆಯ ಮೇಲೆ ಒಂದೊಂದೇ ಅಕ್ಷರವಾಗಿ ಬರೆದುಕೊಂಡೆ. ಗಾಳಿಗೆ ಎ ಎರಡು ಸಲ ಇತ್ತು. (ಅದೂ ನನ್ನ ಪದವಲ್ಲ.)

ಇದನ್ನು ಉರ್ದುವಿನಲ್ಲಿ ಬರೆದಿಡೋಣ, ಮನೆಯಲ್ಲಿ ಬೇರೆ ಯಾರಿಗೂ ಓದಲು ಬರುವುದಿಲ್ಲ ಅಂತ ಕಾಕಾ ಸಲಹೆ ಕೊಟ್ಟರು. ಖುಷಿಯಾಯಿತು. ಅವರೇ ಬರೆದೂ ಕೊಟ್ಟರು. ಆದರೆ ಉರ್ದುವಿನಲ್ಲಿ ಹ್ರಸ್ವ ಸ್ವರ ಸಾಮಾನ್ಯವಾಗಿ ಬರೆಯುವುದಿಲ್ಲ. ಓದುವವನು ತಾನೇ ತುಂಬಿಕೊಳ್ಳಬೇಕು. ನನಗೆ ಬೇಕಾದದ್ದೇ ಆ ಸ್ವರಗಳು! ಆ ಚೀಟಿ ಹರಿದು, ಹೊಸದಾಗಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಪ್ರತಿ ಪದದ ಪಕ್ಕ ಅದರ ಅಕ್ಷರ ಎಷ್ಟು ಅಂತ ಅಂಕಿಯನ್ನೂ ಹಾಕಿ ಬರೆದೆ.

ವಾಪಸ್ ಬಂದದ್ದು, ಬಾರದ್ದು

ಹೊಸ ಎಸ್‌ಎಸ್‌ಡಿಗೆ ಮರಳಿ, ಚೀಟಿ ನೋಡಿ ಟೈಪ್ ಮಾಡಿದೆ. ಪಟ್ಟಿ ತೆರೆಯಿತು. ಹೊಸ ಇನ್‌ಸ್ಟಾಲ್‌ನಲ್ಲೂ ವಾಲ್ಟ್ ಎಂಬ ಕ್ಯೂಬ್ ಇರುತ್ತದೆ, ಹಾಗಾಗಿ ಹೆಸರು ತಾಕಲಾಡುತ್ತದೆ. ಹೆಸರು ಬದಲಿಸಿ ಹಾಕು ಅಂದರೆ ಹಿಂದೆ ಅಂಕಿ ಸೇರಿಸಿ ‘ವಾಲ್ಟ್1’ ಮಾಡುತ್ತದೆ. ಅದು ತೊಂದರೆಯಲ್ಲ.

‘ದಾಖಲೆ’ಯ ಟೆಂಪ್ಲೇಟ್ ಸಿಗುತ್ತಿಲ್ಲ ಅಂದಿತು. ಇದು ತುಸು ವಿವರಿಸಬೇಕು. ಸಾಮಾನ್ಯ ಕ್ಯೂಬಿಗೆ ಸ್ವಂತದ್ದು ಅಂತ ಇರುವುದು ಹೋಮ್ ಫೋಲ್ಡರ್ ಮತ್ತು ಇನ್ನೊಂದೆರಡು ಜಾಗ ಮಾತ್ರ. ಉಳಿದ ಇಡೀ ಸಿಸ್ಟಮ್ ಟೆಂಪ್ಲೇಟಿನಿಂದ ಎರವಲು. ಟೆಂಪ್ಲೇಟ್ ದೊಡ್ಡದು, ಬೇಕಾದರೆ ಮತ್ತೆ ಇಳಿಸಿಕೊಳ್ಳಬಹುದು ಅಂತ ನಾನು ಅದನ್ನು ಬಿಟ್ಟಿದ್ದೆ. ಆದರೆ ‘ದಾಖಲೆ’ಗೆ ಇದ್ದದ್ದು ನಾನೇ ತಿದ್ದಿದ ಡೆಬಿಯನ್ (ಲಿನಕ್ಸಿನ ಒಂದು ಬಗೆ) ನಕಲು. ಕನ್ನಡ, ಉರ್ದು ಫಾಂಟುಗಳು, ಸ್ಕ್ಯಾನರ್ ಡ್ರೈವರ್, ಕನ್ನಡ ಓದುವ ಟೆಸರಾಕ್ಟ್, ಎಲ್ಲ ಅದರಲ್ಲಿದ್ದವು. (ಟೆಸರಾಕ್ಟ್ ಅಂದರೆ ಓಸಿಆರ್, ಸ್ಕ್ಯಾನಿನ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ. ಕೈಬರಹದ ಉರ್ದುವಿಗೆ ನಮ್ಮ ಓಸಿಆರ್ ಕಾಕಾನೇ.) ಇಲ್ಲದ್ದನ್ನು ಬಿಟ್ಟು ಮುಂದುವರಿ ಅಂದೆ. ಅದು ಡೀಫಾಲ್ಟ್ ಟೆಂಪ್ಲೇಟಿಗೆ ಕಟ್ಟಿ ‘ದಾಖಲೆ’ಯನ್ನು ನಿಲ್ಲಿಸಿತು. ಫೈಲುಗಳು ಬಂದವು, ಫಾಂಟ್ ಬರಲಿಲ್ಲ, ಅನುವಾದಗಳು ಹಾಳೆ ತುಂಬ ಚೌಕ ಚೌಕ ಕಂಡವು. ಎರಡು ಗಂಟೆ ಕೂತು ಟೆಂಪ್ಲೇಟ್ ಮತ್ತೆ ಕಟ್ಟಿದೆ. ಈಗ ಹಾಕಿದ ಪ್ಯಾಕೇಜುಗಳ ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ‘ದಾಖಲೆ’ಯೊಳಗೇ ಇಟ್ಟಿದ್ದೇನೆ. ಟೆಂಪ್ಲೇಟನ್ನೇ ಬ್ಯಾಕಪ್ ಮಾಡುವುದಕ್ಕಿಂತ ಇದು ನನಗೆ ಒಗ್ಗಿತು.

ಡಾಮ್‌ಝೀರೊವನ್ನೂ ಟಿಕ್ ಮಾಡಿದ್ದೆ. ಅದರಿಂದ ಬರುವುದು ಡಾಮ್‌ಝೀರೊದ ಹೋಮ್ ಫೋಲ್ಡರ್ ಮಾತ್ರ. ಯಾವ ಕ್ಯೂಬ್ ಯಾವುದಕ್ಕೆ ಫೈಲ್ ಕಳಿಸಬಹುದು ಎಂಬ ಪಾಲಿಸಿ ಫೈಲುಗಳು ಬೇರೆ ಕಡೆ ಇರುತ್ತವೆ, ಅವು ಬರುವುದಿಲ್ಲ. ಅವುಗಳ ನಕಲನ್ನು ಈಗ ಹೋಮ್ ಫೋಲ್ಡರಿಗೆ ಹಾಕಿಟ್ಟಿದ್ದೇನೆ.

ದೊಡ್ಡ ಪೆಟ್ಟು ಬಿದ್ದದ್ದು ಕೊನೆಗೆ. ‘ದಾಖಲೆ’ಯಲ್ಲಿ ಆಳಂದದ ಒಂದು ಕೇಸಿನ ಫೋಲ್ಡರ್ ಹುಡುಕಿದೆ. ಇಲ್ಲ. ಜೇವರ್ಗಿಯದ್ದೂ ಇಲ್ಲ. ಒಟ್ಟು ಒಂಬತ್ತು ದಿನದ ಕೆಲಸ ಮಾಯ. ಬ್ಯಾಕಪ್ ಮಾಡಿದ್ದು ನಿನ್ನೆ, ಇದು ಹೇಗೆ?

ನಾನು ಲ್ಯಾಪ್‌ಟಾಪ್ ಆಫ್ ಮಾಡುವವನಲ್ಲ, ಮುಚ್ಚಿ ಏಳುವವನು. ಲ್ಯಾಪ್‌ಟಾಪ್ ಗಕ್ಕನೆ ನಿಂತು ಮತ್ತೆ ಎದ್ದ ದಿನದಿಂದ, ಅಂದರೆ ಒಂಬತ್ತು ದಿನದಿಂದ, ‘ದಾಖಲೆ’ ಕ್ಯೂಬ್ ಓಡುತ್ತಲೇ ಇತ್ತು. ಓಡುತ್ತಿರುವ ಕ್ಯೂಬನ್ನು ಬ್ಯಾಕಪ್ ಮಾಡಿದರೆ, ಅದು ಶುರುವಾಗುವ ಮುಂಚಿನ ಸ್ಥಿತಿಯೇ ಬ್ಯಾಕಪ್‌ಗೆ ಹೋಗುತ್ತದೆ. ಶುರುವಾದ ಮೇಲೆ ಬರೆದದ್ದು ಬೇರೆ ಪದರದಲ್ಲಿ ಇರುತ್ತದೆ, ಕ್ಯೂಬ್ ಮುಚ್ಚಿದಾಗಲೇ ಅದು ಕಾಯಂ ಆಗುವುದು. ಕ್ಯೂಬ್ಸ್ ಎಚ್ಚರಿಕೆ ಕೊಡುತ್ತದೆ ಕೂಡ. ಕ್ಯೂಬ್ ಓಡುತ್ತಿದೆ, ಶುರುವಾಗುವ ಮುಂಚಿನದು ಮಾತ್ರ ಸೇರುತ್ತದೆ ಅಂತ ಆ ಹೆಸರಿನ ಪಕ್ಕದಲ್ಲೇ ಬರೆದಿರುತ್ತದೆ. ನಾನು ಓದದೆ ಮುಂದೆ ಒತ್ತಿದ್ದೆ. ವಿಮಾ ಕಾಗದಕ್ಕೆ ಸಹಿ ಹಾಕುವವರ ಹಾಗೆ.

ಹಳೇ ಎಸ್‌ಎಸ್‌ಡಿ ಮತ್ತೊಮ್ಮೆ ಹಾಕಿದೆ. ಈ ಸಲ ಎರಡನೇ ಪ್ರಯತ್ನಕ್ಕೆ ಎದ್ದಿತು. ಎಲ್ಲ ಕ್ಯೂಬ್ ಮುಚ್ಚಿ, ಹೊಸ ಪಾಸ್‌ಫ್ರೇಸಿನಿಂದ ಹೊಸ ಬ್ಯಾಕಪ್ ಮಾಡಿದೆ. ಚೀಟಿಯನ್ನು ಈ ಸಲ ಮೊದಲು ಬರೆದೆ, ಬ್ಯಾಕಪ್ ಆಮೇಲೆ ಮಾಡಿದೆ. ಮೂರು ವಾರ ಕಳೆದು ಆ ಎಸ್‌ಎಸ್‌ಡಿ ಪೂರ್ತಿ ಸತ್ತಿತು.

ಕ್ಯೂಬ್ಸ್ ಇಲ್ಲದೆಯೇ ತೆರೆಯುವುದು

ಲ್ಯಾಪ್‌ಟಾಪೇ ಹೋದರೆ? ಸಿಕ್ಕ ಸಿಕ್ಕ ಯಂತ್ರದ ಮೇಲೆ ಕ್ಯೂಬ್ಸ್ ಓಡುವುದಿಲ್ಲ, ಪ್ರೊಸೆಸರಿನಲ್ಲಿ ವಿಟಿ-ಡಿ ಥರದ ಸೌಲಭ್ಯ ಬೇಕು, ರ್‍ಯಾಮ್ 16 ಜಿಬಿ ಇದ್ದರೆ ಚೆಂದ. ಅದಕ್ಕೆ ಅಕ್ಕನ ಮಗನ ಕಾಲೇಜಿನ ಲ್ಯಾಪ್‌ಟಾಪ್ ಕೇಳಿ ತಂದೆ. ಅದರಲ್ಲಿ ಬರೀ ಡೆಬಿಯನ್ ಇತ್ತು.

ಟಾರ್ ಬಿಚ್ಚಿದರೆ ಮೊದಲು ಒಂದು ಹೆಡರ್ ಫೈಲ್ ಸಿಗುತ್ತದೆ, ಆಮೇಲೆ ಕ್ಯೂಬ್‌ಗಳ ವಿವರದ ಎಕ್ಸ್‌ಎಂಎಲ್, ಆಮೇಲೆ ಒಂದೊಂದು ಕ್ಯೂಬಿನ ಡಿಸ್ಕ್ ಸುಮಾರು 100 ಎಂಬಿಯ ತುಣುಕುಗಳಾಗಿ, 000, 001 ಅಂತ ಅಂಕಿ ಹೊತ್ತು. ಪ್ರತಿ ತುಣುಕನ್ನೂ ಎಸ್‌ಕ್ರಿಪ್ಟ್ ಉಪಕರಣದಿಂದ ಬೇರೆ ಬೇರೆಯಾಗಿ ಬಿಚ್ಚಬೇಕು. ನನಗೆ ಬಹಳ ಹಿಡಿಸಿದ್ದು ಇಲ್ಲಿಯದು. ತುಣುಕಿಗೆ ಕೊಡುವ ಪಾಸ್‌ವರ್ಡ್ ಬರೀ ನಿಮ್ಮ ಪಾಸ್‌ಫ್ರೇಸ್ ಅಲ್ಲ. ಹೆಡರಿನಲ್ಲಿರುವ ಬ್ಯಾಕಪ್ಪಿನ ಗುರುತು, ಆ ತುಣುಕಿನ ಹೆಸರು, ನಿಮ್ಮ ಪಾಸ್‌ಫ್ರೇಸ್, ಮೂರನ್ನೂ ನಡುವೆ ಆಶ್ಚರ್ಯ ಚಿಹ್ನೆ ಇಟ್ಟು ಜೋಡಿಸಿದ್ದು.

ಯಾಕೆ ಹೀಗೆ? ನಮ್ಮ ಕೆಲಸದವರಿಗೆ ಇದು ಕೂಡಲೇ ಹೊಳೆಯುತ್ತದೆ. ಹಳೇ ಕಡತದಲ್ಲಿ ಹಾಳೆ ಅದಲುಬದಲು ಮಾಡುವುದು ಎಷ್ಟು ಹಳೆಯ ಚಾಳಿ! ಹಾಳೆಯೂ ಅಸಲಿ, ಮೊಹರೂ ಅಸಲಿ, ಆದರೆ ಬೇರೆ ಕಡತದ್ದು. ಅದಕ್ಕೇ ಒಳ್ಳೆಯ ಕಾರಕೂನರು ಪ್ರತಿ ಹಾಳೆಗೂ ಕಡತದ ನಂಬರ್, ಪುಟದ ನಂಬರ್ ಎರಡನ್ನೂ ಹಾಕುತ್ತಿದ್ದರು. ಇಲ್ಲೂ ಅಷ್ಟೇ. ಹೋದ ವರ್ಷದ ಬ್ಯಾಕಪ್ಪಿನ ತುಣುಕನ್ನು ಈ ವರ್ಷದ್ದರೊಳಗೆ ತುರುಕಿದರೆ, ಅಥವಾ ಐದನೇ ತುಣುಕನ್ನು ಆರನೇ ಜಾಗಕ್ಕೆ ಇಟ್ಟರೆ, ಪಾಸ್‌ವರ್ಡ್ ಹೊಂದುವುದಿಲ್ಲ. ಬಿಚ್ಚುವುದೇ ಇಲ್ಲ. ಇದನ್ನು ಕಾಕಾಗೆ ಹೇಳಿದಾಗ, “ಶಾಣ್ಯಾ ಮಂದಿ ಮಾಡ್ಯಾರ” ಅಂದರು. ಅವರ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು.

ಚಿಕ್ಕದಾದ್ದರಿಂದ ವಾಲ್ಟನ್ನು ಮಾತ್ರ ಹೀಗೆ ಬಿಚ್ಚಿ ನೋಡಿದೆ. ತುಣುಕುಗಳನ್ನು ಜೋಡಿಸಿದರೆ ಒಳಗೆ ಮತ್ತೊಂದು ಟಾರ್, ಅದರೊಳಗೆ ಡಿಸ್ಕಿನ ಇಮೇಜ್. ಮೌಂಟ್ ಮಾಡಿದೆ, ಕೀಪಾಸ್ ಫೈಲ್ ಸಿಕ್ಕಿತು. ಅರ್ಧ ದಿನ ಹಿಡಿಯಿತು, ಹೆಚ್ಚಿನದು ನಾನು ಆಶ್ಚರ್ಯ ಚಿಹ್ನೆಗೆ ಕೋಟ್ ಹಾಕದೆ, ಕಮಾಂಡ್ ಓದಿ ನಡೆಸುವ ಬ್ಯಾಶ್ ಜೊತೆ ಜಗಳವಾಡಿದ್ದಕ್ಕೆ. ಪರೀಕ್ಷೆ ಮುಗಿದ ಮೇಲೆ ಅಕ್ಕನ ಮಗನ ಲ್ಯಾಪ್‌ಟಾಪನ್ನು ಪೂರ್ತಿ ಒರೆಸಿ ಹೊಸ ಡೆಬಿಯನ್ ಹಾಕಿ ಕೊಟ್ಟೆ, ಅವನಿಗೂ ಮೊದಲೇ ಹೇಳಿದ್ದೆ.

ಈಗ ಡಿಸ್ಕ್ ಎರಡಿವೆ. ಒಂದು ಮನೆಯಲ್ಲಿ. ಇನ್ನೊಂದು ಆಳಂದದಲ್ಲಿ ಅಕ್ಕನ ಮನೆಯ ಅಲಮಾರಿಯಲ್ಲಿ, ತಿಂಗಳಿಗೊಮ್ಮೆ ಹೋದಾಗ ಬದಲಿಸುತ್ತೇನೆ. ಬಸ್ಸಿನಲ್ಲಿ ಮರೆತರೂ ಸಿಕ್ಕವರಿಗೆ ಅದು ಕಸ. ಪಾಸ್‌ಫ್ರೇಸಿನ ಚೀಟಿ ಎರಡು, ಡಿಸ್ಕ್ ಇರುವ ಯಾವ ಮನೆಯಲ್ಲೂ ಇಲ್ಲ. ಅದರಲ್ಲಿ ಒಂದು ಬ್ರಹ್ಮಪುರದ ಕಾಕಾನ ಮನೆಯ ಕಬ್ಬಿಣದ ತಿಜೋರಿಯಲ್ಲಿದೆ.

ಎರಡನೇ ಬ್ಯಾಕಪ್ ಸರಿಯಾಗಿ ಬಂತಾ ನೋಡಲು ಅಲ್ಲೇ ಕೂತೆ. ಕಾಕಾ ತಿಜೋರಿ ತೆಗೆದು ಚೀಟಿ ಕೊಟ್ಟರು, ನಾನು ಟೈಪ್ ಮಾಡಿದೆ. ಒಂದು ಗಂಟೆ ಆದ ಮೇಲೆ ‘ದಾಖಲೆ’ ತೆರೆಯಿತು. ಆಳಂದದ ಫೋಲ್ಡರ್ ಇತ್ತು. ಎಡಕ್ಕೆ ಉರ್ದು ಸ್ಕ್ಯಾನ್, ಬಲಕ್ಕೆ ನನ್ನ ಅನುವಾದ ತೆಗೆದು ತೋರಿಸಿದೆ, “ನೋಡ್ರಿ ಕಾಕಾ, ಒಂದಕ್ಷರ ಹೋಗಿಲ್ಲ” ಅಂದೆ.

ಕಾಕಾ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

“ಎಲ್ಲಾ ಬಂದದ ಖರೆ. ಆದ್ರ ಸರ್ವೆ ನಂಬರ್ ತಪ್ಪು ಹೊಡದೀದಿ ನೋಡು. ಅಲ್ಲಿ 47 ಅದ, ನೀ 74 ಮಾಡೀದಿ.”

ತಿದ್ದಿದೆ. ಕ್ಯೂಬ್ ಮುಚ್ಚಿದೆ. ಬ್ಯಾಕಪ್ ಡಿಸ್ಕನ್ನು ಮತ್ತೆ ಚುಚ್ಚಿದೆ.